ಹೆಣ್ಣು ಕೊಯ್ದ ಈರುಳ್ಳಿ

ನವೆಂಬರ್ 11, ಒನಕೆ ಓಬವ್ವ ಜಯಂತಿ. ಚಿತ್ರದುರ್ಗದ ಹತ್ತಿರ ಒಂದು ಊರು. ನಮಗೆ ದೂರದ ಸಂಬಂಧಿಯಾದ ಗೌಡ್ರು ಬೆಳಿಗ್ಗೆ ಅಲ್ಲಿ ಭಾಷಣ ಮಾಡಿದರು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ, ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಲ್ಲಿ ಬಡಿದ ಕಥೆ. ಹೇಳುತ್ತ ಹೇಳುತ್ತ ಗೌಡ್ರ ಕಣ್ಣು ಒದ್ದೆಯಾಯಿತು. ಪಾಳಿ ಗಂಡನದು, ಕೆಲಸ ಹೆಂಡತಿಯದು. ಆ ದಿನದ ಸಂಬಳ ಯಾರ ಲೆಕ್ಕಕ್ಕೆ ಬಿತ್ತು ಅನ್ನೋದು ಮಾತ್ರ ಭಾಷಣದಲ್ಲಿ ಬರಲಿಲ್ಲ.

ಸಂಜೆ ಹೊಲದಲ್ಲಿ ಬಟವಾಡೆ. ಈರುಳ್ಳಿಯ ಸೊಪ್ಪು ಕೊಯ್ದು, ಗಡ್ಡೆ ಚೀಲಕ್ಕೆ ತುಂಬಿಸಿದ ದಿನ. ಗಂಡಾಳಿಗೆ 600, ಹೆಣ್ಣಾಳಿಗೆ 350.

"ಯಾಕೆ ಗೌಡ್ರೇ?" ಎಂದೆ.

"ಗಂಡಸರು ಚೀಲ ಎತ್ತುತ್ತಾರೆ. ಭಾರದ ಕೆಲಸ."

ನ್ಯಾಯವೇ. ಆದರೆ ಹರ್ನಿಯಾ ಆಪರೇಷನ್ ಆದ ಒಬ್ಬರು ಬೆಳಗಿನಿಂದ ನೆರಳಲ್ಲಿ ಕೂತು ಚೀಲದ ಬಾಯಿ ಹೊಲಿಯುತ್ತಿದ್ದರು. ಅವರಿಗೂ 600. ಎತ್ತದಿದ್ದರೇನು, ಎತ್ತುವ ಗಂಡುಜಾತಿಯಲ್ಲಿ ಹುಟ್ಟಿದ್ದಾರಲ್ಲ!

"ಹೆಂಗಸರಿಗೆ ಬಸ್ಸು ಫ್ರೀ. ತಿಂಗಳಿಗೆ 2000 ಬೇರೆ ಬರುತ್ತೆ. ಇನ್ನೆಷ್ಟು ಕೊಡೋದು?" ಎಂದರು ಗೌಡ್ರು. ಇವೆರಡೂ ಶುರುವಾಗಿದ್ದು 2023ರಲ್ಲಿ. ಇವರ ಹೊಲದಲ್ಲಿ ಕೂಲಿ ಕಮ್ಮಿ ಇರೋದು ಇವರ ತಾತನ ಕಾಲದಿಂದ. ಅಂದರೆ ಆ ತಾತ ಎಂಥ ಮುಂದಾಲೋಚನೆಯವರು ನೋಡಿ. ಗ್ಯಾರಂಟಿ ಬರುತ್ತೆ ಅಂತ ಆಗಲೇ ಮುರಿದುಕೊಳ್ಳೋಕೆ ಶುರು ಮಾಡಿದ್ದರು.

ಸಮಾನ ವೇತನಕ್ಕೆ 1976ರಲ್ಲೇ ಕಾಯ್ದೆ ಬಂತಲ್ಲ ಎಂದೆ. ಅದು ಆಫೀಸಿನವರಿಗೆ ಎಂದರು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ದಿನಕ್ಕೆ 370, ಹೆಣ್ಣಿಗೂ ಗಂಡಿಗೂ ಒಂದೇ ಎಂದೆ. ಅದು ಸರ್ಕಾರದ ದುಡ್ಡು, ಯಾರಪ್ಪನ ಗಂಟು ಹೋಗುತ್ತೆ ಎಂದರು. 2022ರಲ್ಲಿ ಕ್ರಿಕೆಟ್ ಮಂಡಳಿಯವರೂ ಪಂದ್ಯದ ಸಂಭಾವನೆ ಸಮ ಮಾಡಿದರು, ಟೆಸ್ಟ್‌ಗೆ ಇಬ್ಬರಿಗೂ 15 ಲಕ್ಷ. ಅದನ್ನು ಹೇಳೋಣ ಅಂತ ಬಾಯಿ ತೆಗೆಯುವಷ್ಟರಲ್ಲಿ ಗೌಡ್ರ ಫೋನ್ ರಿಂಗಾಯಿತು.

ಬೆಂಗಳೂರಿನಿಂದ ಮಗಳು. ಸಾಫ್ಟ್‌ವೇರ್ ಕಂಪನಿ. ಅವಳ ಜೊತೆಗೇ ಸೇರಿದ, ಅದೇ ಕೆಲಸ ಮಾಡುವ ಹುಡುಗನಿಗೆ ಸಂಬಳ ಜಾಸ್ತಿಯಂತೆ. ಗೌಡ್ರು ಕೆಂಡವಾದರು.

"ಸುಮ್ನೆ ಕೂತ್ಕೊಂಡ್ರೆ ಯಾರು ಕೊಡ್ತಾರೆ ಮಗಳೇ? ಬಾಯಿ ಬಿಟ್ಟು ಕೇಳು. ಹಳೇ ಸಂಬಳ ಎಷ್ಟು ಅಂದ್ರೆ ಹೇಳ್ಬೇಡ, ಅದರ ಮೇಲೆ ನಾಲ್ಕು ಕಾಸು ಹಾಕಿ ಕೈತೊಳ್ಕೊಂತಾರೆ. ಅವನಿಗೆ ಎಷ್ಟೋ ನಂಗೂ ಅಷ್ಟು ಅನ್ನು. ಹೆಣ್ಣು ಅಂತ ಕಮ್ಮಿ ಕೊಡೋಕೆ ಅವರಿಗೇನು ನಾಚಿಕೆ ಇಲ್ವಾ?"

ಇದಕ್ಕಿಂತ ಒಳ್ಳೆಯ ಸಲಹೆ ಯಾವ ತರಬೇತಿಯಲ್ಲೂ ಸಿಗಲಿಕ್ಕಿಲ್ಲ. ಸಾಲಿನಲ್ಲಿ ಕೂತಿದ್ದ ಹೆಣ್ಣಾಳುಗಳು ಅಷ್ಟೂ ಮಾತನ್ನು ಪುಕ್ಕಟೆ ಕೇಳಿಸಿಕೊಂಡರು. ಫೋನ್ ಜೇಬಿಗೆ ಹೋದದ್ದೇ ತಡ, ಅವರಲ್ಲಿ ಹಿರಿಯರೊಬ್ಬರು ಸೆರಗು ಕೊಡವಿಕೊಂಡು ಎದ್ದರು.

"ಗೌಡ್ರೇ, ಅವರಿಗೆ ಎಷ್ಟೋ ನಮಗೂ ಅಷ್ಟು."

"ಏನವ್ವಾ, ಬಾಯಿ ಜಾಸ್ತಿ ಆಯ್ತಲ್ಲ ನಿಂದು?"

"ಇಲ್ಲ ಗೌಡ್ರೇ, ಒಂದು ಮಾತು ಕೇಳ್ತೀನಿ. ಈ ಚೀಲ ಯಶವಂತಪುರದ ಮಂಡಿಗೆ ಹೋಗುತ್ತಲ್ಲ. ಹೆಣ್ಣು ಕೊಯ್ದ ಈರುಳ್ಳಿ ಅಂತ ಅಲ್ಲಿ ನಿಮಗೆ ಕಮ್ಮಿ ರೇಟು ಹಾಕ್ತಾರಾ?"

ಗೌಡ್ರು ಟವೆಲ್ ತೆಗೆದು ಮುಖ ಒರೆಸಿಕೊಂಡರು. ಆಕಾಶ ನೋಡಿದರು. ಮಳೆ ಬರೋ ಹಾಗಿತ್ತು, ಇನ್ನೂ ಅರ್ಧ ಹೊಲ ಹಾಗೇ ಇತ್ತು. ಬೆಳಿಗ್ಗೆಯಷ್ಟೇ ಓಬವ್ವನಿಗೆ ಹಾರ ಹಾಕಿದ ಕೈ ಬೇರೆ.

"ಆಯ್ತವ್ವ. ನಾಳೆಯಿಂದ 20 ರೂಪಾಯಿ ಜಾಸ್ತಿ."

ಹೆಂಗಸರು ಕುಡುಗೋಲು ಎತ್ತಿಕೊಂಡು ಹೊರಟರು. ಅವರು ಬದು ದಾಟಿದ ಮೇಲೆ ಗೌಡ್ರು ಗಂಡಾಳುಗಳನ್ನು ಹತ್ತಿರ ಕರೆದರು. ನಿಮಗೆ ಬೇಜಾರಾಗಬಾರದಲ್ಲ, ನಿಮಗೂ ನಾಳೆಯಿಂದ 30 ಜಾಸ್ತಿ ಎಂದರು.