ಎಡಗಾಲಿನ ಚಪ್ಪಲಿ

ಹಬ್ಬಕ್ಕೆಂದೇ ಕೊಂಡ ಒಂಬೈನೂರು ರೂಪಾಯಿಯ ಚಪ್ಪಲಿಯಲ್ಲಿ ಬಲಗಾಲಿನದು ಮಾತ್ರ ಈಗ ನಮ್ಮ ಬಾಗಿಲ ಬಳಿ ಒಂಟಿಯಾಗಿ ಕುಳಿತಿದೆ; ಎಡಗಾಲಿನದು ದೋರನಹಳ್ಳಿಯಲ್ಲೇ ಉಳಿಯಿತು. ಎರಡೂ ಹೋಗಿದ್ದರೆ ಕಳ್ಳನನ್ನು ಬೈದು ಸುಮ್ಮನಾಗಬಹುದಿತ್ತು. ಒಂದನ್ನೇ ಒಯ್ದವರನ್ನು ಏನೆಂದು ಬೈಯುವುದು? ಅದೂ ಕಳೆದುಹೋದದ್ದನ್ನು ಹುಡುಕಿಕೊಡುವವರೆಂದು ಲೋಕವೆಲ್ಲ ನಂಬಿರುವ ಸಂತ ಅಂತೋಣಿಯವರ ಅಂಗಳದಲ್ಲಿ, ಅವರ ಹಬ್ಬದ ದಿನವೇ!

ನನ್ನ ಹೆಂಡತಿಯ ಮನೆಯವರು ಪ್ರತಿವರ್ಷ ಜೂನ್ 13ಕ್ಕೆ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್ ಮಾಡಿಕೊಂಡು, ಮೈಸೂರು ದಾಟಿ ಕೃಷ್ಣರಾಜನಗರದ ಕಡೆಗಿರುವ ದೋರನಹಳ್ಳಿಯ ಈ ಬೆಸಿಲಿಕಕ್ಕೆ, ಅಂದರೆ ಅಂತೋಣಿಯವರ ದೊಡ್ಡ ಚರ್ಚಿಗೆ, ಹೋಗುತ್ತಾರೆ. ನಾಲ್ಕಕ್ಕೆ ಹೊರಡಬೇಕೆಂದು ಮೂರಕ್ಕೇ ಎಲ್ಲರನ್ನೂ ಎಬ್ಬಿಸಿ ಆರಕ್ಕೆ ಹೊರಡುವ ಪದ್ಧತಿಯನ್ನು ವಿವರಿಸಬೇಕಿಲ್ಲ, ನಿಮ್ಮ ಮನೆಯಲ್ಲೂ ಅದೇ ಇರುತ್ತದೆ. ವಿವರಿಸಬೇಕಾದದ್ದು ನಮ್ಮ ಚಿಕ್ಕತ್ತೆಯವರನ್ನು.

ತಮ್ಮ ಕೀರ್ತನೆಗಳ ಪುಸ್ತಕವನ್ನು ಒಯ್ದ ಕಿರಿಯ ಸನ್ಯಾಸಿಯೊಬ್ಬ ಅದನ್ನು ತಾನಾಗಿ ತಂದೊಪ್ಪಿಸುವಂತೆ ಅಂತೋಣಿಯವರು ಪ್ರಾರ್ಥಿಸಿದರೆಂದೂ ಅಂದಿನಿಂದ ಕಳೆದದ್ದನ್ನು ಹುಡುಕಿಕೊಡುವ ಈ ಖಾತೆ ಅವರ ಪಾಲಿಗೆ ಬಂತೆಂದೂ ಪ್ರತೀತಿ. ಆ ಖಾತೆಯ ದರಪಟ್ಟಿ ಮಾತ್ರ ಚಿಕ್ಕತ್ತೆಯವರದು: ಕನ್ನಡಕಕ್ಕೆ ಒಂದು ಮೇಣದಬತ್ತಿ, ಬೀರುವಿನ ಕೀಲಿಗೆ ಎರಡು, ಮೊಬೈಲಿಗೆ ಐದು. ಈ ಸಲವೂ ಮದ್ದೂರು ಬರುವಷ್ಟರಲ್ಲಿ ಕನ್ನಡಕ ಕಾಣೆಯಾಯಿತು. (ಪ್ರತಿವರ್ಷ ಮದ್ದೂರಿನ ಆಸುಪಾಸಿನಲ್ಲೇ ಆಗುತ್ತದೆ.) ಡ್ರೈವರ್ ಗಾಡಿ ನಿಲ್ಲಿಸಿ, ಹನ್ನೆರಡು ಜನ ಸೀಟುಗಳ ಕೆಳಗೆ ತಲೆ ತೂರಿಸಿ ತಡಕಾಡುತ್ತಿದ್ದರೆ, ಅವರು ಜಪಸರ ಹಿಡಿದು ಕಣ್ಣು ಮುಚ್ಚಿ, “ಅಂತೋಣಪ್ಪ, ಒಂದು ಬತ್ತಿ ಹಚ್ತೀನಿ” ಎಂದು ವ್ಯವಹಾರ ಆರಂಭಿಸಿದರು. ಸಿಗಲಿಲ್ಲ. ಎರಡಕ್ಕೆ ಏರಿಸಿದರು. “ಮೂರು” ಎನ್ನುತ್ತಾ ಭಕ್ತಿಯಿಂದ ತಲೆ ಬಾಗಿಸಿದ್ದೇ ತಡ, ಬೆಳಗಿನಿಂದ ನೆತ್ತಿಯ ಮೇಲೆ ಕುಳಿತಿದ್ದ ಕನ್ನಡಕ ಜಾರಿ ಮಡಿಲಿಗೆ ಬಿತ್ತು. “ನೋಡಿದ್ರಾ ಅಳಿಯಂದ್ರೇ?” ಎಂದು ಬೀಗಿದ ಅವರ ಮುಖವನ್ನು ನಾನು ಮಂಡಿಯೂರಿದ ಭಂಗಿಯಲ್ಲೇ, ಕೈಗೆ ಅಂಟಿದ ಯಾರದೋ ಹಳೆಯ ಚೂಯಿಂಗ್ ಗಮ್ ಸಮೇತ ದರ್ಶನ ಮಾಡಿದೆ.

ಬಲಿಪೂಜೆ (ಚರ್ಚಿನ ಮಾಸ್) ಮುಗಿಸಿ ಹೊರಬಂದಾಗ ಚಪ್ಪಲಿಗಳ ರಾಶಿಯಲ್ಲಿ ನನ್ನದು ಒಂದೇ ಇತ್ತು. ನಾಯಿಯ ಕೆಲಸವೆಂದು ಭಾಮೈದ ತೀರ್ಪು ಕೊಟ್ಟ. ಚಿಕ್ಕತ್ತೆ ಒಪ್ಪಲಿಲ್ಲ. ಇಲ್ಲಿನ ಪ್ರತಿಮೆಯೇ ಹೊಲ ಉಳುವ ರೈತನಿಗೆ ಮಣ್ಣಿನಲ್ಲಿ ಸಿಕ್ಕಿದ್ದಂತೆ. ಆತ ಅದನ್ನು ಬೊಂಬೆಯೆಂದು ಭಾವಿಸಿ ಮಕ್ಕಳ ಆಟಕ್ಕೆ ಕೊಟ್ಟಿದ್ದನಂತೆ. ಮಣ್ಣಿನೊಳಗಿಂದ ತಾವೇ ಎದ್ದುಬಂದವರಿಗೆ ನಿಮ್ಮ ಚಪ್ಪಲಿ ಯಾವ ಲೆಕ್ಕ ಎಂದು ವಾದಿಸಿ, ನನ್ನನ್ನು ಒಂದು ಮಾತೂ ಕೇಳದೆ ಎರಡು ಬತ್ತಿ ಒಪ್ಪಿಕೊಂಡುಬಿಟ್ಟರು.

ಕನ್ನಡಕಕ್ಕೆ ಮೂರು, ಚಪ್ಪಲಿಗೆ ಎರಡು. ಆದರೆ ಅವರು ಆರನೆಯದನ್ನೂ ಹಚ್ಚಿ, ಅದರ ಮುಂದೆ ತುಟಿ ಅಲುಗಿಸದೆ ಬಹಳ ಹೊತ್ತು ನಿಂತರು. ಎರಡು ವರ್ಷದ ಹಿಂದಿನವರೆಗೆ ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಕೂರುತ್ತಿದ್ದವರು ಚಿಕ್ಕಮಾವ. ಈಗ ಅಲ್ಲಿ ಚಿಕ್ಕತ್ತೆಯ ಚೀಲ ಕೂರುತ್ತದೆ, ಬೇರೆ ಯಾರೂ ಕೂರುವುದಿಲ್ಲ. ನಾನು ಒಂದು ಕಾಲಿಗೆ ಕೆಸರು ಮೆತ್ತಿಕೊಂಡು, ಏನೂ ಮಾತಾಡದೆ ಪಕ್ಕದಲ್ಲಿ ನಿಂತಿದ್ದೆ.

ಮಂಗಳವಾರ ಅಂತೋಣಿಯವರ ದಿನ. ನಿನ್ನೆ ಬೆಳಗ್ಗೆಯೇ ಫೋನ್ ಮಾಡಿದ ಚಿಕ್ಕತ್ತೆ, ಬಲಗಾಲಿನದನ್ನು ಯಾವ ಕಾರಣಕ್ಕೂ ಎಸೆಯಕೂಡದೆಂದು ತಾಕೀತು ಮಾಡಿದರು. ಎರಡು ಬತ್ತಿಯ ಇಪ್ಪತ್ತು ರೂಪಾಯಿಯನ್ನು ನಾನೇ ಕೊಡಬೇಕಂತೆ.