ಮೈಸೂರಿನಲ್ಲಿ ಖರ್ಚು ಕಡಿಮೆ, ಸರಿ. ಅದಕ್ಕೆ ಸಂಬಳವೂ ಕಡಿಮೆ ಏಕೆ?

"ಮೈಸೂರಿಗೆ ಇದು ಒಳ್ಳೆಯ ಸಂಬಳವೇ ಮೇಡಂ."

ಹದಿಮೂರು ವರ್ಷಗಳಲ್ಲಿ ಈ ಮಾತನ್ನು ಮೂರು ಬೇರೆ ಬೇರೆ ಕಚೇರಿಗಳಲ್ಲಿ ಮೂವರು ನನಗೆ ಹೇಳಿದ್ದಾರೆ. ಮೂವರೂ ಒಳ್ಳೆಯವರು, ನೀರು ಕೊಟ್ಟು, ಕೂರಿಸಿ, ಗೌರವದಿಂದ ಮಾತನಾಡಿಸಿದವರು. ಆದರೂ ಪ್ರತಿ ಸಲ ಆ ಮಾತು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿದೆ. ಕೆಲಸ ಬದಲಿಸಿದರೆ ಸಂಬಳ ಏರುತ್ತದೆಯೇ ಎಂದು ನನ್ನನ್ನು ಕೇಳುವ ತಂಗಿಯರಿಗೆ, ತಮ್ಮಂದಿರಿಗೆ ಉತ್ತರ ಹೇಳಬೇಕಾದರೆ ನಾನು ಈ ಮಾತಿನಿಂದಲೇ ಶುರು ಮಾಡಬೇಕು.

ನಾನು ಲೆಕ್ಕಪತ್ರ ವಿಭಾಗದವಳು. ಸಂಬಳದ ಪಟ್ಟಿ ತಯಾರಿಸುವುದು ನನ್ನ ಕೆಲಸ. 2012ರ ಅಕ್ಟೋಬರ್‌ನಲ್ಲಿ ಮೈಸೂರಿನ ಹೂಟಗಳ್ಳಿ ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಗೆ ಸೇರಿದೆ. ಪ್ರತಿ ತಿಂಗಳ ಕೊನೆಯ ವಾರ ಹಾಜರಾತಿ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ), ರಜೆ, ಮುಂಗಡ, ಪಿಎಫ್ (ಭವಿಷ್ಯನಿಧಿ), ಎಲ್ಲವನ್ನೂ ಕೂಡಿ ಕಳೆದು, ಯಾರ ಖಾತೆಗೆ ಎಷ್ಟು ಹೋಗಬೇಕೆಂದು ಬ್ಯಾಂಕಿಗೆ ಪಟ್ಟಿ ಕಳುಹಿಸುತ್ತಿದ್ದೆ. ಈ ಕೆಲಸದಲ್ಲಿ ಇರುವವರಿಗೆ ಬೇರೆಯವರಿಗೆ ಕಾಣದ ಒಂದು ವಿಷಯ ಕಾಣುತ್ತದೆ: ಎಲ್ಲರ ಸಂಬಳ ಒಂದೇ ಹಾಳೆಯ ಮೇಲೆ. ನಾನದನ್ನು ಎಲ್ಲೂ ಬಾಯಿ ಬಿಡುವಂತಿರಲಿಲ್ಲ, ಬಿಡಲೂ ಇಲ್ಲ. ಆದರೆ ನೋಡದೆ ಇರಲು ಸಾಧ್ಯವಿರಲಿಲ್ಲ.

2019ರಲ್ಲಿ ನಡೆದದ್ದು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗದಲ್ಲಿ ಯಂತ್ರ ಹೊಂದಿಸಿಕೊಡುವ ಹಿರಿಯ ಸೆಟ್ಟರ್ ಒಬ್ಬರಿದ್ದರು. ಪಾಂಡವಪುರದ ಹತ್ತಿರದ ಹಳ್ಳಿಯಿಂದ ದಿನವೂ ಬರುತ್ತಿದ್ದರು. ಹದಿನಾಲ್ಕು ವರ್ಷ ಅದೇ ಕಾರ್ಖಾನೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಕಿಟಕಿಯ ಹತ್ತಿರ ಬಂದು, ಎರಡು ಪೇಸ್ಲಿಪ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಅವರದು, 28,400 ರೂಪಾಯಿ. ಇನ್ನೊಂದು ಮೂರು ತಿಂಗಳ ಹಿಂದೆ ಸೇರಿದ ಹುಡುಗನದು, 35,000. ಪಿಎಫ್ ಸಾಲು ಅರ್ಥವಾಗುತ್ತಿಲ್ಲ ಎಂದು ಆ ಹುಡುಗನೇ ಅವರ ಕೈಗೆ ಕೊಟ್ಟಿದ್ದನಂತೆ. ಅವನಿಗೆ ಆ ಯಂತ್ರದ ಕೆಲಸ ಹೇಳಿಕೊಟ್ಟವರೂ ಇವರೇ. ಕಾಗದದ ಅಂಚಿನಲ್ಲಿ ಅವರ ಹೆಬ್ಬೆರಳಿನ ಎಣ್ಣೆಯ ಗುರುತು ಮೂಡಿತ್ತು.

"ಜಗಳಕ್ಕೆ ಬಂದಿಲ್ಲಮ್ಮ. ಎಲ್ಲಾದರೂ ತಪ್ಪಾಗಿದೆಯಾ ನೋಡಿ ಹೇಳಿ, ಅಷ್ಟೇ," ಎಂದರು.

ತಪ್ಪು ಎಲ್ಲೂ ಇರಲಿಲ್ಲ. ಅದನ್ನೇ ಅವರಿಗೆ ಹೇಳಬೇಕಾಯಿತು. ಅಂದಿನ ಅವರ ಮುಖ ನನಗೆ ಇಂದಿಗೂ ನೆನಪಿದೆ.

ಇದು ಹೇಗಾಗುತ್ತದೆ ಎಂಬುದು ಕಷ್ಟದ ಲೆಕ್ಕವೇನಲ್ಲ. ಒಳಗಿರುವವನ ಸಂಬಳ ಅವನ ಹಳೆಯ ಸಂಬಳದ ಮೇಲೆ ಏರುತ್ತದೆ. ಹೊಸದಾಗಿ ಬರುವವನ ಸಂಬಳ ಅಂದಿನ ಮಾರುಕಟ್ಟೆಯ ದರದ ಮೇಲೆ ನಿಲ್ಲುತ್ತದೆ. 18,000ಕ್ಕೆ ಸೇರಿದವನಿಗೆ ತಪ್ಪದೆ ವರ್ಷಕ್ಕೆ ಶೇ 7 ಇನ್‌ಕ್ರಿಮೆಂಟ್ ಕೊಟ್ಟರೂ ಒಂಬತ್ತು ವರ್ಷದ ನಂತರ ಅವನು ತಲುಪುವುದು 33,000ಕ್ಕೆ. ಅಷ್ಟರಲ್ಲಿ ಮಾರುಕಟ್ಟೆ 40,000ದ ಮೇಲೆ ಹೋಗಿದ್ದರೆ ಆ ಅಂತರ ತುಂಬುವವರು ಯಾರು? ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ಅದಕ್ಕೊಂದು ಕಲಮೇ ಇರುವುದಿಲ್ಲ. ಬಾಗಿಲು ದಾಟಿ ಹೊರಗೆ ಹೋದಾಗ ಮಾತ್ರ ಆ ಅಂತರ ತುಂಬುತ್ತದೆ. ಅದಕ್ಕಾಗಿಯೇ ಕೆಲಸ ಬದಲಿಸಿದವರಿಗೆ ಒಮ್ಮೆಲೇ ಶೇ 30, ಶೇ 40 ಏರುವುದು. ಅದು ಯಾರೋ ಮೆಚ್ಚಿ ಕೊಟ್ಟ ಬಹುಮಾನವಲ್ಲ, ಇಷ್ಟು ವರ್ಷ ಬರದೆ ಉಳಿದಿದ್ದ ಬಾಕಿ.

ನನ್ನ ಸರದಿಯೂ ಬಂತು. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಕಡೆಯ ಒಂದು ಕಂಪನಿಯಿಂದ ಕರೆ ಬಂತು. ಆಗ ನನ್ನ ಕೈಗೆ ಬರುತ್ತಿದ್ದುದು 34,000. ಅವರು ಕೊಡುತ್ತೇವೆಂದದ್ದು ಕೈಗೆ 52,000. ಶೇ 53 ಏರಿಕೆ. ಮನೆಯಲ್ಲಿ ಹಬ್ಬದ ವಾತಾವರಣ. ಅತ್ತೆ ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತಿದ್ದರಂತೆ, ಅದು ನನಗೆ ಆಮೇಲೆ ತಿಳಿಯಿತು.

ರಾಜೀನಾಮೆ ಪತ್ರ ಕೊಟ್ಟ ಮರುದಿನ ಬೆಳಿಗ್ಗೆ ಹಳೆಯ ಕಾರ್ಖಾನೆಯವರು ಕರೆದು 42,000 ಕೊಡುತ್ತೇವೆ, ಇರಿ ಎಂದರು. ಆರು ವಾರದ ಹಿಂದೆಯಷ್ಟೇ ಅದೇ ಕೋಣೆಯಲ್ಲಿ, ಈ ವರ್ಷ ಬಜೆಟ್ ಇಲ್ಲ ಎಂದು ನನಗೆ ಹೇಳಿದ್ದರು. ಸಂಬಳದ ಪಟ್ಟಿ ಮಾಡುವವಳಿಗೆ ಬಜೆಟ್ ಇದೆಯೋ ಇಲ್ಲವೋ ಗೊತ್ತಿರುತ್ತದೆ. ಕೊಡಲು ಹಣವಿತ್ತು, ಕೊಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹೆಚ್ಚು ಹೊತ್ತು ಯೋಚಿಸದೆ ಬೇಡವೆಂದೆ. ರಾಜೀನಾಮೆ ಕೊಟ್ಟ ಮೇಲೆ ಸಿಗುವ ಹೆಚ್ಚಳದ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಕೇಳಿದಾಗ ಕೊಡದವರು ಬೆದರಿದಾಗ ಕೊಟ್ಟರೆ ಅದರ ಮೇಲೆ ಭರವಸೆ ಇಡಲಾಗದು.

ಒಂದು ವಿಷಯದಲ್ಲಿ ಮಾತ್ರ ನನ್ನ ಕಸುಬು ನನ್ನ ಕೈ ಹಿಡಿಯಿತು. ಹೊಸ ಕಂಪನಿ ಮಾರ್ಚ್‌ನಲ್ಲೇ ಬನ್ನಿ ಎಂದು ಒತ್ತಾಯಿಸಿತು. ಉಳಿದ ನೋಟಿಸ್ ಅವಧಿಯ ಹಣ ತಾವೇ ಕಟ್ಟುತ್ತೇವೆ ಎಂದಿತು. ನಾನು ಒಪ್ಪಲಿಲ್ಲ, ಪೂರ್ತಿ ನೋಟಿಸ್ ಮುಗಿಸಿ ಮೇ ತಿಂಗಳಲ್ಲಿ ಹೊರಬಂದೆ. ಒಂಬತ್ತು ವರ್ಷದ ಮೇಲೆ ಏಳು ತಿಂಗಳಾಗಿತ್ತು. ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕಂಪನಿ ಕೊಡುವ ಹಣ. ಅದರ ಲೆಕ್ಕದಲ್ಲಿ ಕೊನೆಯ ವರ್ಷ ಆರು ತಿಂಗಳು ಮೀರಿದರೆ ಅದನ್ನು ಪೂರ್ಣ ವರ್ಷವೆಂದು ಹಿಡಿಯುತ್ತಾರೆ. ಮೂಲವೇತನ 17,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಹತ್ತು ವರ್ಷದಿಂದ ಗುಣಿಸಿದರೆ 98,077. ಎರಡು ತಿಂಗಳು ಅವಸರ ಮಾಡಿದ್ದರೆ ಅದರಲ್ಲಿ ಒಂದು ವರ್ಷದ ಪಾಲು ಹೋಗುತ್ತಿತ್ತು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷ ತುಂಬಬೇಕು. ನಾಲ್ಕು ವರ್ಷ ಚಿಲ್ಲರೆಗೆ ಬಿಟ್ಟು ಹೋದ ಎಷ್ಟೋ ಹುಡುಗರ ಲೆಕ್ಕವನ್ನು ನಾನೇ ಮುಗಿಸಿಕೊಟ್ಟಿದ್ದೇನೆ. ಇನ್ನು ನಾಲ್ಕು ತಿಂಗಳು ತಡೆದರೆ ಎಷ್ಟು ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪಿಎಫ್ ವಿಷಯವೂ ಹಾಗೆಯೇ. ಕೆಲಸ ಬಿಟ್ಟ ಕೂಡಲೇ ಪಿಎಫ್ ತೆಗೆದು ಬೈಕ್ ಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಕೆಲಸ ಬದಲಿಸಿದರೂ ಪಿಎಫ್ ಸದಸ್ಯರ ಯುಎಎನ್ ಸಂಖ್ಯೆ ಒಂದೇ ಇರುತ್ತದೆ, ಹಣವನ್ನು ಹೊಸ ಕಂಪನಿಯಲ್ಲಿನ ನಿಮ್ಮ ಪಿಎಫ್ ಖಾತೆಗೆ ವರ್ಗಾಯಿಸಿಕೊಂಡರೆ ಸಾಕು. ಪಿಎಫ್ ಜೊತೆಗಿರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಡುವೆ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಆ ವರ್ಷಗಳ ಎಣಿಕೆ ಅಲ್ಲಿಗೇ ಮುಗಿಯಿತು.

ಬೆಂಗಳೂರಿನ ಕಥೆಗೆ ಬರುತ್ತೇನೆ. ಮನೆ ಬದಲಿಸಲಿಲ್ಲ. ಮಗಳು ಆಗ ಎರಡನೇ ತರಗತಿ, ಅತ್ತೆಗೆ ಮಂಡಿನೋವು. ಸೀಸನ್ ಪಾಸ್ ಮಾಡಿಸಿ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತೂವರೆಗೆ ಮತ್ತೆ ಮನೆ. ಮಂಡ್ಯದಲ್ಲಿ ಬೋಗಿ ತುಂಬಿಬಿಡುತ್ತಿತ್ತು. ನಮ್ಮ ಗುಂಪಿನ ಹೆಂಗಸರು ಸಂಜೆಯ ರೈಲಿನಲ್ಲಿ ಮಡಿಲ ಮೇಲೆ ಪತ್ರಿಕೆ ಹರಡಿಕೊಂಡು ಸೊಪ್ಪು ಬಿಡಿಸುತ್ತಿದ್ದರು, ಅವರೆಕಾಲದಲ್ಲಿ ಕಾಯಿ ಸುಲಿಯುತ್ತಿದ್ದರು. ಮನೆ ಸೇರಿದ ಕೂಡಲೇ ಒಲೆ ಹಚ್ಚಬೇಕಲ್ಲ. ಮಗಳು ಅಜ್ಜಿಯ ಮೊಬೈಲ್‌ನಿಂದ ಗಣಿತದ ಪುಸ್ತಕದ ಫೋಟೊ ಕಳುಹಿಸುತ್ತಿದ್ದಳು. ಚನ್ನಪಟ್ಟಣ ದಾಟುವಾಗ ನಾನು ಫೋನಿನಲ್ಲಿ ಕೂಡುವ ಲೆಕ್ಕ ಹೇಳಿಕೊಡುತ್ತಿದ್ದೆ. ಸಿಗ್ನಲ್ ಹೋಗುತ್ತಿತ್ತು. ಮತ್ತೆ ಸಿಗುವಷ್ಟರಲ್ಲಿ ಅವಳು ನಿದ್ದೆ ಹೋಗಿರುತ್ತಿದ್ದಳು. ಅವಳಿಗೆ ಒಂದರಿಂದ ಹತ್ತರವರೆಗಿನ ಮಗ್ಗಿ ಬಾಯಿಪಾಠ ಮಾಡಿಸಿದ್ದು ಅತ್ತೆ. ಅದು ನನಗೆ ಇಂದಿಗೂ ನೋವು.

ಒಂದು ಭಾನುವಾರ ಕುಳಿತು ಲೆಕ್ಕ ಹಾಕಿದೆ. ಹಳೆಯ ಕೆಲಸದಲ್ಲಿ ತಿಂಗಳಿಗೆ 26 ದಿನ, ಓಡಾಟ ಸೇರಿ ದಿನಕ್ಕೆ ಹತ್ತು ಗಂಟೆ, ಒಟ್ಟು 260 ಗಂಟೆ. 34,000 ಭಾಗಿಸಿದರೆ ಗಂಟೆಗೆ 130 ರೂಪಾಯಿ ಚಿಲ್ಲರೆ. ಹೊಸ ಕೆಲಸದಲ್ಲಿ ತಿಂಗಳಿಗೆ 22 ದಿನ, ದಿನಕ್ಕೆ ಹದಿನೈದೂವರೆ ಗಂಟೆ, ಒಟ್ಟು 341 ಗಂಟೆ. ರೈಲು, ಮೆಟ್ರೊ, ಊಟ, ಸಂಜೆ ಮಗಳನ್ನು ನೋಡಿಕೊಳ್ಳುವವರಿಗೆ ಕೊಡುವುದು, ಎಲ್ಲ ಸೇರಿ 5,500 ಹೆಚ್ಚುವರಿ ಖರ್ಚು. ಉಳಿದದ್ದು 46,500. ಗಂಟೆಗೆ 136 ರೂಪಾಯಿ. ಶೇ 53 ಎಂದು ಮನೆಯವರೆಲ್ಲ ಸಂಭ್ರಮಿಸಿದ ಏರಿಕೆ ನನ್ನ ಆಯುಷ್ಯದ ಲೆಕ್ಕದಲ್ಲಿ ಶೇ 4 ಆಗಿತ್ತು.

ಹಾಗಾದರೆ ಕೆಲಸ ಬದಲಿಸಿದ್ದು ತಪ್ಪೇ? ತಪ್ಪಲ್ಲ. ಇಪ್ಪತ್ತು ತಿಂಗಳ ನಂತರ, 2024ರ ಫೆಬ್ರುವರಿಯಲ್ಲಿ, ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ 55,000ಕ್ಕೆ ಸೇರಿದೆ. ಮನೆಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಸಂದರ್ಶನದಲ್ಲಿ ಮತ್ತೆ ಆ ಮಾತು ಬಂತು, ಮೈಸೂರಿಗೆ ಇದು ಜಾಸ್ತಿಯಾಗುತ್ತದೆ ಎಂದು. ಆದರೆ ನನ್ನ ಕೈಯಲ್ಲಿ ಬೆಂಗಳೂರಿನ ಪೇಸ್ಲಿಪ್ ಇತ್ತು. ಅದನ್ನು ನೋಡಿ ಒಪ್ಪಿದರು. ಹೂಟಗಳ್ಳಿಯಿಂದ ನೇರವಾಗಿ ಹೆಬ್ಬಾಳಕ್ಕೆ ಬಂದಿದ್ದರೆ 34,000ದ ಮೇಲೆ ಶೇ 20 ಸೇರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಕೆಲಸ ಅದೇ, ಕುರ್ಚಿ ಅದೇ, ಮಾಡುವವಳೂ ನಾನೇ. ನಡುವೆ ಇಪ್ಪತ್ತು ತಿಂಗಳು ರೈಲಿನಲ್ಲಿ ಕುಳಿತದ್ದಕ್ಕೆ ನನ್ನ ಬೆಲೆ ಏರಿತು.

ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಮೈಸೂರಿನಲ್ಲಿ ಮಾಡಿದ ಕೆಲಸಕ್ಕೆ ಸರಿಯಾದ ಸಂಬಳ ಸಿಗಬೇಕಾದರೆ ಒಮ್ಮೆ ಬೆಂಗಳೂರಿನ ಮುದ್ರೆ ಒತ್ತಿಸಿಕೊಂಡು ಬರಬೇಕೇ? ಇಲ್ಲಿ ಬಾಡಿಗೆ ಕಡಿಮೆ, ಒಪ್ಪುತ್ತೇನೆ. ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಇಲ್ಲಿ ಅಗ್ಗವೇನಲ್ಲ. ಇಲ್ಲಿ ತಯಾರಾದ ಬಿಡಿಭಾಗವನ್ನು ಮೈಸೂರಿನದೆಂದು ಕಡಿಮೆ ದರಕ್ಕೆ ಮಾರುತ್ತಾರೆಯೇ? ಜಾಗ ಅಗ್ಗ, ಜನ ಬಿಟ್ಟು ಹೋಗುವುದು ಕಡಿಮೆ ಎಂದೇ ಎಷ್ಟೋ ಮಾಲೀಕರು ಈ ಊರಿಗೆ ಬರುತ್ತಾರೆ. ಊರು ಅಗ್ಗವಾಗಿರುವುದರಿಂದ ಉಳಿಯುವ ನಾಲ್ಕು ಕಾಸು ಇಲ್ಲಿ ಬದುಕುವವರ ಕೈಯಲ್ಲಿ ಉಳಿಯಬೇಕು. ಅದನ್ನು ಸಂಬಳದಿಂದ ಮೊದಲೇ ಮುರಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಹೆದ್ದಾರಿಯಾದ ಮೇಲೆ ಇದಕ್ಕೆ ಇನ್ನೊಂದು ಬಣ್ಣ ಬಂದಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದಂದಿನಿಂದ, ಒಂದೂವರೆ ಗಂಟೆಯ ದಾರಿ ತಾನೇ, ಓಡಾಡಬಹುದು ಎಂದು ಹೇಳುವವರು ಹೆಚ್ಚಾಗಿದ್ದಾರೆ. ದಿನವೂ ಎರಡು ಕಡೆ ಟೋಲ್ ಕಟ್ಟಿ, ಕೆಂಗೇರಿಯ ಸಂಚಾರ ದಟ್ಟಣೆಯಲ್ಲಿ ನಿಂತು ಒಂದು ತಿಂಗಳು ಹೋಗಿ ಬಂದು ಆಮೇಲೆ ಹೇಳಲಿ.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರ ಇದು: ಮೂರ್ನಾಲ್ಕು ವರ್ಷಕ್ಕೊಮ್ಮೆಯಾದರೂ ಹೊರಗೆ ಹೋಗಿ ಸಂದರ್ಶನ ಕೊಡಿ. ಬಿಡುವ ಮನಸ್ಸು ಇಲ್ಲದಿದ್ದರೂ ಕೊಡಿ, ನಿಮ್ಮ ಕೆಲಸದ ದರ ನಿಮಗೇ ಗೊತ್ತಾಗಲಿ. ಹಳೆಯ ಸಂಬಳ ಎಷ್ಟು ಎಂದು ಕೇಳುವ ಮೊದಲೇ ನಿಮಗೆ ಬೇಕಾದ ಮೊತ್ತವನ್ನು ನೀವೇ ಹೇಳಿ, ಅದಕ್ಕೆ ಕಾರಣ ನಿಮ್ಮ ಕೆಲಸವಾಗಿರಲಿ. ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಮೊತ್ತ, ನೋಡಿ ಮರುಳಾಗಬೇಡಿ. ಅದರೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆಯ ಕಂತು, ಬಂದರೆ ಬಂತು ಎನ್ನುವ ಬೋನಸ್ ಎಲ್ಲ ಸೇರಿರುತ್ತದೆ. ತಿಂಗಳಿಗೆ ಕೈಗೆ ಎಷ್ಟು ಎಂದು ಬರೆದುಕೊಡಿ ಎಂದು ಕೇಳಿ, ಅದರಲ್ಲಿ ಸಂಕೋಚ ಬೇಡ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೂಲವೇತನವನ್ನು ಚಿಕ್ಕದಾಗಿ ತೋರಿಸಿ ಗ್ರಾಚ್ಯುಟಿ ಉಳಿಸುವ ದಾರಿ ಕಿರಿದಾಗಿದೆ, ಆಫರ್ ಪತ್ರದಲ್ಲಿ ಮೂಲವೇತನದ ಸಾಲನ್ನು ಕಣ್ಣಿಟ್ಟು ಓದಿ. ವರ್ಷದ ನಡುವೆ ಬದಲಿಸುತ್ತಿದ್ದರೆ ಹಳೆಯ ಸಂಬಳದ ವಿವರ ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಎರಡೂ ಕಡೆ ತೆರಿಗೆ ಕಡಿಮೆ ಕಡಿತವಾಗಿ ರಿಟರ್ನ್ಸ್ ಸಲ್ಲಿಸುವಾಗ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಆ ಸೆಟ್ಟರ್ ಅಣ್ಣನಿಗೆ ಇದರಲ್ಲಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. 2019ರಲ್ಲಿ ಅವರಿಗೆ ನಲವತ್ತಾರು. ಎರಡು ಎಕರೆ ಗದ್ದೆ, ನಾಲೆಗೆ ನೀರು ಬಿಟ್ಟ ದಿನ ಊರಲ್ಲಿ ಇರಲೇಬೇಕು, ಮಗಳ ಕಾಲೇಜು. ಅವರು ಎಲ್ಲಿಗೆ ಹೋಗಬೇಕು? ಕೆಲಸ ಬದಲಿಸು ಎಂಬ ಸಲಹೆ ಹೊರಡಬಲ್ಲವರಿಗೆ ಮಾತ್ರ. ಉಳಿದವರ ಸಂಬಳ ಸರಿಮಾಡುವುದು ಒಳಗಿರುವವರ ಕೆಲಸ. ಆ ದಿನ ನಾನು ಅವರ ಎರಡು ಪೇಸ್ಲಿಪ್ ಮಡಚಿ ಕೊಟ್ಟು ಸುಮ್ಮನಾದೆ. ಅಧಿಕಾರಿಗಳ ಬಳಿ ಹೋಗಿ ಹೇಳಬಹುದಿತ್ತು, ಹೇಳಲಿಲ್ಲ.

ಈಗಿನ ಕಂಪನಿಯಲ್ಲಿ ಹೊಸಬರ ಆಫರ್ ಪತ್ರ ಸಹಿಗೆ ಹೋಗುವ ಮೊದಲು ನನ್ನ ಮೇಜಿಗೆ ಬರುತ್ತದೆ. ಹೋದ ವರ್ಷದಿಂದ ಅದರ ಜೊತೆ ಇನ್ನೊಂದು ಹಾಳೆ ಸೇರಿಸಿ ಕಳುಹಿಸುತ್ತಿದ್ದೇನೆ. ಅದೇ ಕೆಲಸವನ್ನು ಈಗಾಗಲೇ ಮಾಡುತ್ತಿರುವವರ ಹೆಸರು, ಸೇವೆಯ ವರ್ಷ, ಸಂಬಳ. ಮೊದಲ ಸಲ ಮಾಲೀಕರು ಹಾಳೆಯನ್ನು ಪಕ್ಕಕ್ಕಿಟ್ಟರು. ಎರಡನೆಯ ಸಲ ಓದಿದರು. ಈ ಏಪ್ರಿಲ್‌ಗೆ ಇಬ್ಬರ ಸಂಬಳವನ್ನು ಹೊಸಬರ ಮಟ್ಟಕ್ಕೆ ಏರಿಸಲು ಒಪ್ಪಿದ್ದಾರೆ. ಮೂರನೆಯವರು ಉಗ್ರಾಣದಲ್ಲಿದ್ದಾರೆ, ಹನ್ನೊಂದು ವರ್ಷದ ಸೇವೆ, 9,200 ರೂಪಾಯಿಯ ಅಂತರ. ಸೋಮವಾರ ಅವರ ಹಾಳೆ ತೆಗೆದುಕೊಂಡು ಒಳಗೆ ಹೋಗುತ್ತೇನೆ.