ಹುಡುಗರು ಗಾರೆ ಕೆಲಸಕ್ಕೆ ಬರಬೇಕಾ? ಪರ–ವಿರೋಧ

ಪರ

ಮನೆ ಕಟ್ಟಿಸುತ್ತಿರುವ ಯಾರನ್ನಾದರೂ ಕೇಳಿ. ದುಡ್ಡು ಹೊಂದಿಸಿದ್ದೀನಿ, ಒಳ್ಳೆ ಮೇಸ್ತ್ರಿ ಸಿಗ್ತಿಲ್ಲ ಅಂತಾರೆ. ಸಿಕ್ಕವರಿಗೆ ಐವತ್ತು ದಾಟಿರುತ್ತದೆ. ಅವರ ಮಕ್ಕಳು ಡೆಲಿವರಿ ಬೈಕ್ ಹತ್ತಿದ್ದಾರೆ. ಈಗ ಕಲಿಯುವವನಿಗೆ ಇದೇ ಒಳ್ಳೆ ಸಮಯ.

ಬರೀ ಮಣ್ಣು ಹೊರುವ ಕೆಲಸ ಅಂದುಕೊಳ್ಳಬೇಡಿ. ಬಾತ್‌ರೂಮಿಗೆ ಟೈಲ್ಸ್ ಹಾಕುವಾಗ ಜಾಲರಿ ಕಡೆಗೆ ವಾಟ ಕೊಡಬೇಕು. ಜಾಸ್ತಿ ಆದರೆ ಕಾಲು ಜಾರುತ್ತದೆ, ಕಡಿಮೆ ಆದರೆ ಮೂಲೆಯಲ್ಲಿ ನೀರು ನಿಲ್ಲುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೂ ಅನುಭವಸ್ಥರು ಒಂದು ಚೊಂಬು ನೀರು ಸುರಿದು ನೋಡುತ್ತಾರೆ. ಈ ಕೈ ಪಳಗುವುದಕ್ಕೆ ವರ್ಷಗಳು ಬೇಕು. ಪಳಗಿದವನು ಕೂಲಿ ಬಿಟ್ಟು ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾನೆ.

ಹೊರದೇಶದ ದಾರಿಯೂ ಇದೆ. ಜಪಾನಿನ ಕಟ್ಟಡ ಕೆಲಸಗಾರರಲ್ಲಿ ಸುಮಾರು ಮೂರರಲ್ಲಿ ಒಬ್ಬರು 55 ದಾಟಿದವರು. ಆ ದೇಶ 2019ರಲ್ಲಿ ಕುಶಲ ಕೆಲಸಗಾರರಿಗೆ ತೆರೆದ ಹೊಸ ವೀಸಾದಲ್ಲಿ ಕಟ್ಟಡ ಕೆಲಸವೂ ಸೇರಿದೆ. 2021ರಲ್ಲಿ ಭಾರತದ ಜೊತೆ ಒಪ್ಪಂದವೂ ಆಯಿತು. ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕು, ಅಷ್ಟೇ.

ವಿರೋಧ

ಅಪ್ಪಂದಿರಿಗೆ ವಯಸ್ಸಾಯಿತು, ಸರಿ. ಮಕ್ಕಳು ಯಾಕೆ ಬರಲಿಲ್ಲ ಅಂತಲೂ ಕೇಳಬೇಕಲ್ವಾ? ಅಪ್ಪನ ಕೈ ನೋಡಿಯೇ ಬರಲಿಲ್ಲ. ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ. ನೀರು ಬಿಡದೆ ಗ್ರಾನೈಟ್ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಅದನ್ನು ವಾಸಿ ಮಾಡುವ ಮದ್ದಿಲ್ಲ. ಎಷ್ಟೋ ಕಡೆ ಮೂಗಿಗೆ ಕಟ್ಟಿಕೊಳ್ಳಲು ಟವೆಲ್ಲೇ ಗತಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, 60 ಆದ ಮೇಲೆ ಪಿಂಚಣಿಯೂ ಇದೆ ಅಂತಾರೆ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತು, ಕರೆದವರ ಹಿಂದೆ ಹೋಗುವವನು ಅದಕ್ಕೆ ಎಷ್ಟು ಜನರ ಹತ್ತಿರ ಅಲೆಯಬೇಕು?

ಕೊರತೆ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ರಾಯಚೂರು, ಯಾದಗಿರಿಯಿಂದ, ಬಿಹಾರ, ಬಂಗಾಳದಿಂದ ಜನ ಬೆಂಗಳೂರಿಗೆ ಬರುತ್ತಲೇ ಇದ್ದಾರೆ. ಅದಕ್ಕೇ ಹೆಲ್ಪರ್ ಕೂಲಿ ಸುಲಭಕ್ಕೆ ಏರುವುದಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಿದ್ದಾರೆ. ಇಟ್ಟಿಗೆಯೂ ಇಲ್ಲ, ದಪ್ಪ ಪ್ಲಾಸ್ಟರಿಂಗೂ ಇಲ್ಲ. ಅಲ್ಲಿ ಕರಣೆ ಹಿಡಿದವನಿಗೆ ಏನು ಕೆಲಸ? ಈ ಕ್ಷೇತ್ರಕ್ಕೇ ಬರುತ್ತೀನಿ ಅನ್ನುವ ಹುಡುಗ ಐಟಿಐ ಸೇರಿ ವೈರಿಂಗೋ ಪ್ಲಂಬಿಂಗೋ ಕಲಿಯಲಿ. ಎರಕದ ಗೋಡೆಗೂ ಪೈಪು, ವೈರು ಬೇಕೇ ಬೇಕು.